ತಾಂಡೇಲರ ಕಾಲಿಗೆ ಗೊತ್ತು

ದೋಣಿಗೆ ಬಳಿದ ಗೇರೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಕಾರವಾರದ ಹತ್ತಿರದ ಬೈತಖೋಲದ ದುರ್ಗಪ್ಪ ತಾಂಡೇಲನ ಕಣ್ಣು ಈ ವಯಸ್ಸಿನಲ್ಲೂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಚಿಕ್ಕವನಿದ್ದಾಗ ಅಪ್ಪ ಹಾಗೆಯೇ ಕಣ್ಣು ಮುಚ್ಚಿಸಿ ದೋಣಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದ: "ಯಾವ ಬದಿಗೆ ಹೊಂಟಿದೆ, ಹೇಳು ಮಗನೆ. ಕಣ್ಣು ಸುಳ್ಳು ಹೇಳ್ತದೆ, ಕಾಲು ಹೇಳೂದಿಲ್ಲ."

ಮಗ ಒಮ್ಮೆಯೂ ತಪ್ಪು ಹೇಳಿರಲಿಲ್ಲ. ಮುಂದೆ ಅವನೇ ಚುಕ್ಕಾಣಿ ಹಿಡಿದು ತಾಂಡೇಲನಾದ. ತನ್ನ ಕಾಲಿನ ವಿಷಯವನ್ನು ಬಂದರಿನಲ್ಲಿ ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಇಂದು ಅಂಕೋಲೆಯ ಬಳಿ ಬೇಲೆಕೇರಿಯಲ್ಲಿ ತಂಗಿ ಮಂದಾಕಿನಿಯ ಮಗ ನಿತಿನನ ಹೊಸ ದೋಣಿ ಮೊದಲ ಸಲ ಕಡಲಿಗೆ ಹೊರಡುವುದಿತ್ತು. ಮೊದಲು ಚುಕ್ಕಾಣಿ ಮುಟ್ಟಬೇಕಾದವನು ಸೋದರಮಾವ. ಮಧ್ಯಾಹ್ನದ ಭರತದ ನೀರು ಇಳಿಯುವ ಮೊದಲೇ ಹೊರಡಬೇಕು. ಇಳಿಯಿತೆಂದರೆ ದೋಣಿ ಕೆಸರಲ್ಲಿ ಕೂತುಬಿಡುತ್ತದೆ. ದುರ್ಗಪ್ಪ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಕಾರವಾರದಲ್ಲಿ ರೈಲು ಹತ್ತಿದ.

ಪಕ್ಕದ ಹಳಿಯ ಮೇಲೆ ಲಾರಿಗಳನ್ನು ಹೊತ್ತ ಗೂಡ್ಸ್ ಗಾಡಿ ನಿಂತಿತ್ತು. ಒಂದು ಲಾರಿಯ ಡ್ರೈವರ್ ಸ್ಟೇರಿಂಗಿನ ಮೇಲೆ ಕಾಲು ಚಾಚಿ ಬೀಡಿ ಸೇದುತ್ತಿದ್ದ. ಇದ್ದಕ್ಕಿದ್ದಂತೆ ಆ ಬೀಡಿ ಮುಂದೆ ಸರಿಯಿತು. ದುರ್ಗಪ್ಪನಿಗೆ ತಾನು ಕೂತ ಗಾಡಿಯೇ ಹಿಂದಕ್ಕೆ ಜಾರಿದಂತಾಯಿತು.

"ನಮ್ಮ ಗಾಡಿ ಗೋವೆಗೆ ಹೊಂಟ್ತು," ಎಂದವನೇ ಕೈಚೀಲ ಹಿಡಿದು ಬಾಗಿಲಿಗೆ ನುಗ್ಗಿದ. ಓಡುವ ಗಾಡಿಯಿಂದ ಇಳಿಯುವವರು ಓಡುತ್ತಲೇ ಇಳಿಯಬೇಕು. ಅವನು ಕಣ್ಣು ಮುಚ್ಚಿ ಹಾರಿ, ಕಣ್ಣಿ ಬಿಚ್ಚಿಕೊಂಡ ಕರುವಿನಂತೆ ಓಡಿ, ಚಹಾದವನ ಕಿಟಲಿಗೆ ಹೋಗಿ ಢಿಕ್ಕಿ ಹೊಡೆದ. ಕಣ್ಣು ಬಿಟ್ಟರೆ ಅವನ ರೈಲು ನಿಂತಲ್ಲೇ ನಿಂತಿತ್ತು.

"ತಾಂಡೇಲರೆ, ಹೊಂಟದ್ದು ಲಾರಿ ಗಾಡಿ," ಎಂದು ಕಿಟಕಿಯಿಂದ ಕೂಗಿದ ಪರಿಚಯದ ರಾಮಾ ನಾಯ್ಕ. ಕೈಗಾದಲ್ಲಿ ನೌಕರಿ ಅವನಿಗೆ. ರಜೆಗೆ ಕುಮಟೆಗೆ ಹೊರಟಿದ್ದ. "ಕಾಲಿಗೆ ಗೊತ್ತಾಗಲಿಲ್ಲನಾ?"

"ಕಾಲಿಗೆ ಇವತ್ತು ಚಪ್ಪಲಿ ಇತ್ತು ಮಾರಾಯಾ."

ಡಬ್ಬಿಯೆಲ್ಲ ನಕ್ಕಿತು. ಅವನು ಮರಳಿ ಹತ್ತಿ ಕೂತಾಗ ಎದುರು ಸೀಟಿನ ಸುಗಂಧಾಬಾಯಿ ಮಾತ್ರ ನಗದೆ, ಚಹಾ ಸುರಿಯುತ್ತಿದ್ದ ಅವನ ಅಂಗಿಗೆ ತನ್ನ ಕರವಸ್ತ್ರ ಕೊಟ್ಟಳು.

ಗಾಡಿ ತಡವಾಗಿ ಹೊರಟು ಅಂಕೋಲೆ ಮುಟ್ಟಿತು. ಪಕ್ಕದ ಹಳಿಯ ಮೇಲೆ ಅದೇ ಲಾರಿ ಗಾಡಿ, ಅದೇ ಡ್ರೈವರ್, ಹೊಸ ಬೀಡಿ.

"ಇಲ್ಲಿ ಕ್ರಾಸಿಂಗ್ ಇರ್ತದೆ, ಬೇಗ ಬಿಡೂದಿಲ್ಲ," ಎಂದ ರಾಮಾ.

ಕಲೆಯಾದ ಅಂಗಿಯಲ್ಲಿ ಚುಕ್ಕಾಣಿ ಮುಟ್ಟುವುದು ಹೇಗೆ? ದುರ್ಗಪ್ಪ ಚಪ್ಪಲಿ ಕಳಚಿಟ್ಟು, ಅಂಗಿ ಬಿಚ್ಚಿ ಬಾಗಿಲ ಪಕ್ಕದ ನಲ್ಲಿಯಲ್ಲಿ ತಿಕ್ಕತೊಡಗಿದ. ಅಷ್ಟರಲ್ಲಿ ಬರಿಗಾಲಿನಡಿ ಏನೋ ಮೆಲ್ಲಗೆ ನಡುಗಿತು. ತಲೆಯೆತ್ತಿದರೆ ಬೀಡಿ ಹಿಂದೆ ಸರಿಯುತ್ತಿತ್ತು.

"ತಾಂಡೇಲರೆ, ಇಳೀರಿ. ಗಾಡಿ ಹೊಂಟ್ತು," ಎಂದು ರಾಮಾ ಕೂಗಿದ.

ದುರ್ಗಪ್ಪ ತನ್ನ ಕಾಲನ್ನು ಕಣ್ಣಿನಿಂದಲೇ ಗದರಿಸಿದ. ಆಮೇಲೆ ಬನಿಯನ್ನಿನಲ್ಲೇ ಎದೆಯುಬ್ಬಿಸಿ ನಿಂತು, "ನಾ ಎರಡು ಸಲ ಮೋಸ ಹೋಗೂ ಆಸಾಮಿ ಅಲ್ಲ. ಹೊಂಟದ್ದು ಲಾರಿ ಗಾಡಿ. ನೀವೆಲ್ಲ ಸುಮ್ಮನೆ ಕೂಡ್ರಿ," ಎಂದ.

ಕಟ್ಟಕಡೆಯ ಲಾರಿ ದಾಟಿತು. ಅದರ ಹಿಂದಿನಿಂದ ಅಂಕೋಲೆಯ ಗದ್ದೆಗಳೂ ಒಂದೊಂದಾಗಿ ದಾಟಿದವು.

ಸುರಂಗ, ಗುಡ್ಡ ಕಳೆದು, ಗೋಕರ್ಣದ ನಿಲ್ದಾಣಕ್ಕೆ ಮೊದಲು ಗಾಡಿ ಸಿಗ್ನಲ್ಲಿಗೆ ಬಹಳ ಹೊತ್ತು ಕಾದು ನಿಂತಾಗ ರಾಮಾನ ಮೊಬೈಲಿಗೆ ಬೇಲೆಕೇರಿ ಸಿಕ್ಕಿತು.

"ಎಲ್ಲಿದ್ದೀಯೋ ಅಣ್ಣಾ?" ಮಂದಾಕಿನಿಯ ದನಿ. "ಕಾದೂ ಕಾದೂ ಕಡೆಗೆ ನಿತಿನನೇ ಚುಕ್ಕಾಣಿ ಹಿಡಿದ. ನಿನ್ನ ಹಾಗೇ ಕಣ್ಣು ಮುಚ್ಚಿ."

ಸೋದರಮಾವ ಎದ್ದು ನಿಂತ. ಹೋದ ಮಾನವೆಲ್ಲ ಬಡ್ಡಿ ಸಮೇತ ಬಂದಂತಾಯಿತು. "ರಾಮಾ, ಎಲ್ಲರಿಗೂ ಕೇಳೂ ಹಾಗೆ ಮಾಡು ಇದನ್ನ. ಕೇಳ್ರೋ, ನಾ ಕಲಿಸಿದ್ದು. ಮತ್ತೆ, ತಂಗಿ?"

"ಕಾಯಿ ಒಡೆದ್ವಿ. 'ಹೊಂಟಿತು, ತೆಂಕಕ್ಕೆ ಹೊಂಟಿತು, ನನ್ನ ಕಾಲಿಗೆ ಗೊತ್ತು' ಅಂದ. ಕಣ್ಣು ಬಿಟ್ರೆ ನಮ್ಮ ದೋಣಿಯ ಹಗ್ಗವನ್ನೇ ಯಾರೂ ಬಿಚ್ಚಿರಲಿಲ್ಲ. ಹೊಂಟದ್ದು ಪಕ್ಕದ ದೋಣಿ, ಅದರ ಅಲೆಗೆ ನಮ್ಮದು ಅಲುಗಾಡಿದ್ದು. ಈ ಗಡಿಬಿಡಿಯಲ್ಲಿ ಭರತ ಇಳೀತು. ದೋಣಿ ಕೆಸರಲ್ಲಿ ಕೂತಿದೆ." ಮಂದಾಕಿನಿ ಉಸಿರು ತೆಗೆದುಕೊಂಡಳು. "'ಯಾರೋ ನಿಂಗೆ ಇದನ್ನ ಕಲಿಸಿದ್ದು' ಅಂತ ಇಡೀ ಬಂದರು ಕೇಳ್ತು. ಹುಡುಗ ನಿನ್ನ ಹೆಸರು ಹೇಳಿದ. ಎಷ್ಟು ಅಭಿಮಾನದಿಂದ ಹೇಳಿದ ಗೊತ್ತನಾ."

ಡಬ್ಬಿಯಲ್ಲಿ ಯಾರೂ ನಗಲಿಲ್ಲ. ಅಷ್ಟರಲ್ಲೇ ನಕ್ಕೂ ನಕ್ಕೂ, ಇನ್ನು ನಗಲು ಉಸಿರು ಉಳಿದಿರಲಿಲ್ಲ. ದುರ್ಗಪ್ಪ ಒದ್ದೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. "ಹೆಸರು ಹೇಳಿದನಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡ.

ಸುಗಂಧಾಬಾಯಿ ಕಿಟಕಿಯಾಚೆ ನೆಲವನ್ನೊಮ್ಮೆ ನೋಡಿ, ಗಾಡಿ ನಿಂತಿರುವುದನ್ನು ಖಚಿತ ಮಾಡಿಕೊಂಡಳು. ಆಮೇಲೆ ತನ್ನ ಬುತ್ತಿಯ ಮುಚ್ಚಳ ತೆಗೆದು, ಅನ್ನದ ಬದಿಗೆ ಬಂಗಡೆ ಸಾರು ಸುರಿದು, ಅವನ ಕೈಗಿಟ್ಟಳು.