ಅಮೆರಿಕದ ಕಾರುಗಳ ನಡುವೆ ನಾನೊಬ್ಬನೇ

ಕೆಲಸ ಜಾಸ್ತಿಯೆಂದು ಗೋಳಾಡುವವರನ್ನು ಕಂಡರೆ ಈಗೀಗ ನನಗೆ ಹೊಟ್ಟೆಕಿಚ್ಚು. ಟೈ ಕಟ್ಟಿಕೊಂಡು, ಮುಖದಲ್ಲಿ ಸ್ವಾಗತದ ನಗುವೊಂದನ್ನು ಸಿದ್ಧವಾಗಿಟ್ಟುಕೊಂಡು ದಿನವಿಡೀ ಸುಮ್ಮನೆ ಕೂರುವ ಕಷ್ಟ ಅವರಿಗೇನು ಗೊತ್ತು? ನಾನು ಬಹ್ರೈನಿನಲ್ಲಿ ಅಮೆರಿಕದ ಕಾರು ಮಾರುವವನು. ಮಾರುವವನು ಎನ್ನುವುದು ವಿಸಿಟಿಂಗ್ ಕಾರ್ಡಿನ ಮಾತು, ನಿಜವಾಗಿ ಕಾಯುವವನು.

ಹಿಂದೆ ಶುಕ್ರವಾರದ ರಜೆಗೆ ಮುಂಚಿನ ಗುರುವಾರ ಸಂಜೆಯಾದರೆ ಈಸಾ ಟೌನಿನಿಂದೆಲ್ಲ ಜನ ಸಂಸಾರ ಸಮೇತ ಬರುತ್ತಿದ್ದರು. ಅಜ್ಜಿಯಂದಿರು ಹಿಂದಿನ ಸೀಟಿನಲ್ಲಿ ಕೂತು ನೋಡಿ ತಲೆಯಾಡಿಸಿದರೆ ವ್ಯಾಪಾರ ಆದಂತೆಯೇ. ಆಮೇಲೆ ಅಮೆರಿಕದ ಮಹನೀಯರು ಸಣ್ಣ ಕಾರಿನಲ್ಲಿ ಲಾಭವಿಲ್ಲವೆಂದು ಮನೆಯಷ್ಟು ದೊಡ್ಡ ಗಾಡಿಗಳನ್ನೇ ಮಾಡತೊಡಗಿದರು. ಅಷ್ಟರಲ್ಲಿ ರಸ್ತೆಯಾಚೆ ಚೀನಾ ಕಾರಿನ ಶೋರೂಮು ತೆರೆಯಿತು. ನಮ್ಮ ಗಾಜಿನಿಂದ ಅಲ್ಲಿಯ ಗದ್ದಲ ಬಹಳ ಚೆನ್ನಾಗಿ ಕಾಣುತ್ತದೆ. ಮಗಳ ಕಾಲೇಜಿಗೆಂದು ಹೆಂಡತಿ ಲವೀನಾ ಮಂಗಳೂರಿಗೆ ಹೋದ ಮೇಲೆ ಜಿಂಜ್‌ನ ನನ್ನ ಫ್ಲ್ಯಾಟೂ ನಮ್ಮ ಶೋರೂಮಿನಂತೆಯೇ ಆಗಿದೆ. ಅಲ್ಲಿ ಟೈ ಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಇಂಥ ದಿನಗಳಲ್ಲಿ ತಪ್ಪದೆ ಬರುತ್ತಿದ್ದವರು ಹಮದ್ ಟೌನಿನ ಹಾಜಿ ಯೂಸುಫ್ ಒಬ್ಬರೇ. ನಿವೃತ್ತ ಮೇಷ್ಟರು, ಹೆಂಡತಿಯನ್ನು ಕಳೆದುಕೊಂಡವರು. ಅವರ ಹಳೆಯ ಕಾರಿನ ಕಿಟಕಿಯ ಗಾಜು ಕೆಳಗಿಳಿದದ್ದು ಮೇಲೇರುತ್ತಿರಲಿಲ್ಲ. ಗಾಜು ಏರಿಸುವ ಮೋಟರು ಅಮೆರಿಕದಿಂದ ಬರಬೇಕಿತ್ತು. ಪ್ರತಿ ಮಂಗಳವಾರ ಬಂದು, ಮನಾಮದ ಭಾರತೀಯ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ, "ಹಬೀಬಿ, ಮೋಟರ್ ಬಂತಾ?" ಎಂದು ಕೇಳುವರು.

"ಮುಂದಿನ ವಾರ, ಇನ್ಶಾ ಅಲ್ಲಾಹ್" ಎನ್ನುವೆ.

ಇಬ್ಬರಿಗೂ ನಿರಾಸೆಯಾಗುತ್ತಿರಲಿಲ್ಲ. ಚಹಾ ಬರುತ್ತಿತ್ತು. ಅದೇ ಕಾರಿನಲ್ಲಿ ಹೆಂಡತಿಯನ್ನು ಮೆಕ್ಕಾಗೆ ಉಮ್ರಾ ಯಾತ್ರೆಗೆ ಕರೆದೊಯ್ದ ಕಥೆ ಅವರು ಹೇಳುವರು. ಲವೀನಾಳಿಗೆ ಡ್ರೈವಿಂಗ್ ಕಲಿಸಲು ಹೋಗಿ ನಾವಿಬ್ಬರೂ ಮಾತು ಬಿಟ್ಟ ಕಥೆ ನಾನು ಹೇಳುವೆ.

ಒಂದು ದಿನ ಸ್ಪೇರ್ ಪಾರ್ಟ್ಸ್ ವಿಭಾಗದ ಅಶ್ರಫ್, ನಮ್ಮ ಉಳ್ಳಾಲದವನು, ಬಂದು ಹೇಳಿದ: "ಆ ಮೋಟರ್ ಇನ್ನು ಬರುದಿಲ್ಲ ಮಾರಾಯ್ರೆ. ಆ ಮಾಡೆಲೇ ನಿಲ್ಲಿಸಿದ್ದಾರಂತೆ. ಅಜ್ಜನಿಗೆ ಹೇಳಿಬಿಡಿ."

ಹೇಳಿದರೆ ನನ್ನ ಮಂಗಳವಾರವೂ ಉಳಿದ ದಿನಗಳ ಹಾಗೆ ಆಗುತ್ತದೆ. ಆದರೆ ಬೇಸಿಗೆ ಶುರುವಾಗಿತ್ತು. ಆ ಬಿಸಿಗಾಳಿಯಲ್ಲಿ, ಮುಚ್ಚದ ಕಿಟಕಿಯ ಕಾರಿನಲ್ಲಿ ಮುದುಕರನ್ನು ಸುಮ್ಮನೆ ಓಡಾಡಿಸುವುದು ಸರಿಯೆನಿಸಲಿಲ್ಲ. ಹೇಳಿದೆ. ಅವರು ಚಹಾ ಪೂರ್ತಿ ಮುಗಿಸಿ, "ಮಾಡಿದವರೇ ಕೈಬಿಟ್ಟರಾ?" ಎಂದು ಎದ್ದು ಹೋದರು.

ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಭ್ಯಾಸಬಲದಿಂದ ಎರಡು ಗ್ಲಾಸು ಚಹಾ ತರಿಸಿ, ಎರಡನ್ನೂ ನಾನೇ ಕುಡಿದೆ.

ಆಮೇಲೊಂದು ಬೆಳಿಗ್ಗೆ ಹೊಳೆಯುವ ಚೀನಾ ಕಾರೊಂದು ಬಂದು ಸೀದಾ ನಮ್ಮ ಬಾಗಿಲೆದುರು ನಿಂತಿತು. ಇಳಿದವರು ಹಾಜಿ! "ಮಗ ಕೊಡಿಸಿದ. ಕಾರು ಒಳ್ಳೆಯದೇ. ಆದರೆ ಅಲ್ಲಿ ಎಲ್ಲರಿಗೂ ಅವಸರ, ಕೂತು ಚಹಾ ಕುಡಿಯುವವರೇ ಇಲ್ಲ" ಎಂದರು. ಕಾರನ್ನು ಬೇರೆಡೆ ನಿಲ್ಲಿಸಿ ಎನ್ನಲು ನನಗೆ ಬಾಯೇ ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ, ನಾವೂ ಆ ಕಾರು ಮಾರುತ್ತೇವೆಂದುಕೊಂಡು ಒಂದು ಸಂಸಾರ ಒಳಗೆ ಬಂತು. ಅದರ ಹಿಂದೆಯೇ ಇನ್ನೊಂದು. ಹಾಜಿ ಕೀಲಿಕೈಯನ್ನು ನನ್ನ ಕೈಗಿಟ್ಟು, "ತೋರಿಸು ಹಬೀಬಿ" ಎಂದರು. ತೋರಿಸಿದೆ. ತಿಂಗಳುಗಟ್ಟಲೆ ಗಂಟಲಲ್ಲೇ ಉಳಿದಿದ್ದ ಮಾತೆಲ್ಲ ಹೊರಬಂತು. ಕೊನೆಗೆ ಎರಡೂ ಸಂಸಾರಗಳನ್ನು ನಾನೇ ರಸ್ತೆ ದಾಟಿಸಿ ಎದುರಿನ ಶೋರೂಮಿಗೆ ಬಿಟ್ಟು ಬಂದೆ. ಅಲ್ಲೇ ಬುಕ್ ಮಾಡಿದರಂತೆ.

ಸಂಜೆ ಲವೀನಾಳ ಫೋನು. "ಎಂತ, ಇವತ್ತು ಸ್ವರದಲ್ಲಿ ಭಾರೀ ಗಮ್ಮತ್ತುಂಟು? ಜನ ಬಂದಿದ್ರಾ?"

"ಬಂದಿದ್ರು. ಎರಡು ಕಾರು ಹೋಯ್ತು."

"ದೇವರು ದೊಡ್ಡವ! ನಿಮ್ಮ ಅಮೆರಿಕದವರಿಗೆ ಇನ್ನು ಒಳ್ಳೆ ಕಾಲ ಬಂತು ನೋಡಿ."

ಯಾವ ಶೋರೂಮಿನಿಂದ ಹೋಯಿತೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.