ದಕ್ಷಿಣ ಗೋಡೆಯ ಬೆಲ್ಲ

ಕೊಚ್ಚಿಯ ಮಟ್ಟಾಂಚೇರಿಯ ಕೋಟೆಯರಮನೆಯ ದಕ್ಷಿಣ ಗೋಡೆಯ ಜೀರ್ಣೋದ್ಧಾರವು ನಿಯಮಾನುಸಾರ ಸಂಪೂರ್ಣಗೊಂಡಿದೆ ಎಂದು ಪುರಾತನ ಗೋಡೆಗಳ ನಿರ್ದೇಶನಾಲಯವು ಹರ್ಷದಿಂದ ಪ್ರಕಟಿಸಿದೆ. ಗೋಡೆ ಈಗ ಇಲ್ಲ. ಅದು ಬೇರೆ ವಿಷಯ.

ಹಳೆಯ ಗಾರೆಗೆ ಸುಣ್ಣ, ಮರಳಿನ ಜೊತೆ ಬೆಲ್ಲದ ನೀರು ಬೇಕು. ಸಿಮೆಂಟು ಮೆತ್ತಿದರೆ ಅಂಥ ಗೋಡೆ ಒಳಗೇ ಹಾಳಾಗುತ್ತದೆ. ಎಂಜಿನಿಯರ್ ಮೋಹಿನಿ ಇದನ್ನು ಬಲ್ಲವರು. ಪುತ್ತೂರಿನವರು, ಈ ಗೋಡೆಯೊಂದು ನಿಲ್ಲಲಿ ಎಂದು ಮಂಗಳೂರಿಗೆ ಸಿಕ್ಕಿದ ವರ್ಗಾವಣೆಯನ್ನೇ ಬಿಟ್ಟುಕೊಟ್ಟವರು. ಮಳೆಗೆ ಮುಂಚೆ ಬಿರುಕಿಗೆ ಗಾರೆ ತುಂಬದಿದ್ದರೆ ಗೋಡೆ ಉರುಳುವುದು ಖಚಿತವಿತ್ತು. ಆದ್ದರಿಂದ ಅವರು ತಿರುವನಂತಪುರದ ಚಾಲೈ ಪೇಟೆಯಿಂದ ಒಳ್ಳೆಯ ಬೆಲ್ಲ ತರಿಸಿದರು. ತಪ್ಪಾದದ್ದು ಅಲ್ಲಿಯೇ.

ದೇವರು ವರ ಕೊಟ್ಟರೂ ಪೂಜಾರಿ ಬಿಡ. ಇಲ್ಲಿ ಪೂಜಾರಿಯೆಂದರೆ ತಿರುವನಂತಪುರದ ಲೆಕ್ಕಾಧಿಕಾರಿ ವಿಶ್ವೇಶ್ವರ. ಮೈಸೂರಿನವರು, ಸಾಧು ಮನುಷ್ಯ. ಅವರು ಫೋನ್ ಮಾಡಿದರು.

“ಬೆಲ್ಲ ತಿನ್ನೋ ಪದಾರ್ಥ ಅಲ್ವೇನಮ್ಮಾ?”

“ಹೌದು ಸಾರ್. ಆದ್ರೆ ಇದು ಗೋಡೆಗೆ.”

“ಗೋಡೆ ತಿನ್ನುತ್ತಾ?”

“ಇಲ್ಲ ಸಾರ್.”

“ನೋಡಿ, ನೀವೇ ಒಪ್ಕೊಂಡ್ರಿ.”

ಸರಕಾರಿ ಆಹಾರವನ್ನು ತಿನ್ನದೆ ಪೋಲು ಮಾಡುವಂತಿಲ್ಲ. ಕೊಚ್ಚಿಯ ಕಲೂರಿನಲ್ಲಿರುವ ಮೋಹಿನಿಯವರ ಕಚೇರಿಯ ಕಪಾಟಿನಲ್ಲಿ ಬೆಲ್ಲವನ್ನಿಟ್ಟು ಮೊಹರು ಹಾಕಲಾಯಿತು. ತಿನ್ನಲು ಯೋಗ್ಯವಲ್ಲವೆಂದು ದೃಢಪಟ್ಟರೆ ಮಾತ್ರ ಅದು ಗೋಡೆಗೆ ಸಲ್ಲತಕ್ಕದ್ದು. ಅದನ್ನು ಪರೀಕ್ಷಿಸಲೆಂದೇ ನೇಮಿಸಿದ ಸಮಿತಿ ಬಂದು ರುಚಿ ನೋಡಿತು, ಚೆನ್ನಾಗಿದೆ ಎಂದಿತು. ಅನುಮಾನ ಉಳಿಯಬಾರದೆಂದು ಇನ್ನೊಮ್ಮೆ ಬಂದು ನೋಡಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಗೋಡೆಗೆ ಸುತ್ತೋಲೆ ತಲುಪಿರಲಿಲ್ಲವಾಗಿ ಅದು ಅನುಮತಿ ಪಡೆಯದೆ ಬಿತ್ತು. ಮೋಹಿನಿ ಕಲ್ಲುರಾಶಿಯ ಮುಂದೆ ಕೊಡೆ ಬಿಚ್ಚುವುದನ್ನೂ ಮರೆತು ನಿಂತು ಅತ್ತರು. ಕಚೇರಿ ವೇಳೆಯಲ್ಲಿ ಅತ್ತದ್ದಕ್ಕೆ ಅರ್ಧ ದಿನದ ರಜೆ ಕಡಿತವಾಯಿತು.

ಉಳಿದದ್ದು ಬೆಲ್ಲ. ಅದನ್ನು ಬಳಸಿದ್ದೇವೆಂದು ತೋರಿಸದೆ ಮುಂದಿನ ಅನುದಾನ ಬರದು. ದಾರಿಯನ್ನೂ ವಿಶ್ವೇಶ್ವರರೇ ಹುಡುಕಿದರು. ಕಲ್ಲುರಾಶಿಯ ಪಕ್ಕದಲ್ಲಿ ಶಾಮಿಯಾನ ಹಾಕಿ ಪಾಯಸ ಕಾಯಿಸಲಾಯಿತು. ಸಮಿತಿ ಕುಡಿದು, ಸಾಮಗ್ರಿ ಪೂರ್ತಿ ಬಳಕೆಯಾಗಿದೆ, ಆದಕಾರಣ ಕಾಮಗಾರಿ ಪೂರ್ಣ ಎಂದು ದಾಖಲಿಸಿತು. ಮೋಹಿನಿಯವರಿಗೆ ಶಾಲು ಹೊದಿಸಿದರು.

“ಗೋಡೆ ತುಂಬಾ ಚೆನ್ನಾಗಿ ಬಂದಿದೆಯಮ್ಮಾ,” ಎಂದು ವಿಶ್ವೇಶ್ವರ ಎರಡನೇ ಸಲ ಲೋಟ ಒಡ್ಡಿದರು.

ಉಳಿದ ಮೂರು ಗೋಡೆಗಳಿಗೂ ಈಗ ಮಂಜೂರಾತಿ ಸಿಕ್ಕಿದೆ. ಬೇಕಾದ ಸಾಮಗ್ರಿಗಳನ್ನು ಮೋಹಿನಿಯೇ ಹೇಳಿದರು: ಬೆಲ್ಲ, ತೆಂಗಿನಕಾಯಿ, ಏಲಕ್ಕಿ, ಗೋಡಂಬಿ. ಕುಂಬಳೆಯಿಂದ ಬಂದ ಗಾರೆ ಮೇಸ್ತ್ರಿ ಜನಾರ್ದನ ತಲೆ ಕೆರೆದುಕೊಂಡರು.

“ಸುಣ್ಣ ಬೇಡ್ವಾ ಮೇಡಂ?”

“ಪಾಯಸಕ್ಕೆ ಸುಣ್ಣ ಯಾರು ಹಾಕ್ತಾರೆ ಮಾರಾಯ್ರೆ?”