ಬೀದಿಗೆಲ್ಲ ಒಂದೇ ಅಡ್ಡಿಕೆ

ಹೆಂಡತಿ ತನ್ನ ಪಾಡಿಗೆ ತಾನು ಸಂತೋಷವಾಗಿ ಏನನ್ನೋ ಮಾಡುತ್ತ ಕೂತಿದ್ದರೆ, ಅದನ್ನು ನೋಡಿಕೊಂಡು ಸುಮ್ಮನಿರುವ ಗಂಡ ಇನ್ನೂ ಹುಟ್ಟಿಲ್ಲ. ಒಂದೋ ಅವನು ಅದನ್ನು ನಿಲ್ಲಿಸಬೇಕು, ಇಲ್ಲವೇ ಸುಧಾರಿಸಬೇಕು. ನಿಲ್ಲಿಸಲು ಬರುವ ಗಂಡನನ್ನು ಹೆಂಗಸರು ಹೇಗೋ ನಿಭಾಯಿಸುತ್ತಾರೆ. ಒಂದು ಹೊತ್ತು ಉಪ್ಪಿಲ್ಲದ ಸಾರು ಬಡಿಸಿದರೆ ಅವನು ದಾರಿಗೆ ಬರುತ್ತಾನೆ. ಸುಧಾರಿಸಲು ಬರುವವನ ಕಾಟಕ್ಕೆ ಮಾತ್ರ ಔಷಧಿಯಿಲ್ಲ. ಅವನು ನಗುನಗುತ್ತ ಬರುತ್ತಾನೆ, ಪಕ್ಕದಲ್ಲಿ ಕೂರುತ್ತಾನೆ, "ಒಂದು ಯೋಚನೆ ಬಂತು" ಅನ್ನುತ್ತಾನೆ. ನಾನು ಈ ಎರಡನೆಯ ಪಂಗಡದವನು. ನನಗೆ ಯೋಚನೆಗಳು ಬರುತ್ತವೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಮಂಡ್ಯದ ನಾಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಹೆಂಡತಿ ಜಯಮ್ಮನ ತವರು ಮಳವಳ್ಳಿ. ಅಲ್ಲಿ ಅವಳದು ತುಂಬಿದ ಮನೆ. ರೇಷ್ಮೆ ಗೂಡು ಬೇಯಿಸುವವರು, ನೂಲು ತೆಗೆಯುವವರು, ಸುಮ್ಮನೆ ಬಂದು ಮಾತಾಡಿ ಹೋಗುವವರು, ಮಾತಾಡಿಯೂ ಹೋಗದವರು ಎಲ್ಲರೂ ಸೇರಿ ಜಾತ್ರೆಯಾಗಿರುತ್ತಿತ್ತು. ಅಂಥವಳನ್ನು ತಂದು ಮಂಡ್ಯದ ಎರಡು ಅಂಕಣದ ಮನೆಯಲ್ಲಿ ಬಿಟ್ಟು ನಾನು ಕಚೇರಿಗೆ ಹೋಗಿಬಿಡುತ್ತಿದ್ದೆ. ಹಗಲೆಲ್ಲ ಅವಳು, ಗೋಡೆ, ಗೋಡೆಯ ಮೇಲೊಂದು ಹಲ್ಲಿ. ಸಂಜೆ ನಾನು ಬಂದರೆ ಹಲ್ಲಿ ಏನೇನು ಮಾಡಿತು ಎಂದು ಹೇಳುತ್ತಿದ್ದಳು.

ಒಂದು ಸಲ ತವರಿಗೆ ಹೋಗಿ ಬರುವಾಗ ಅವಳು ಬಣ್ಣದ ರೇಷ್ಮೆ ದಾರ, ಗಾಜಿನ ಮಣಿ, ತೆಳ್ಳನೆಯ ಹಿತ್ತಾಳೆ ತಗಡು ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಳು. ಅವಳ ಸೋದರತ್ತೆ ಕಲಿಸಿದ ಕೆಲಸವಂತೆ. ದಾರಕ್ಕೆ ಮೇಣ ತಿಕ್ಕಿ, ಕೆಂಪು ಹಸಿರು ಮಣಿಗಳನ್ನು ಸಾಲುಸಾಲಾಗಿ ಪೋಣಿಸಿ, ಬಟ್ಟೆಯ ಪಟ್ಟಿಯ ಮೇಲೆ ಬಿಗಿದು, ಹುಣಿಸೇಹಣ್ಣಿನಲ್ಲಿ ಉಜ್ಜಿ ಫಳಫಳ ಹೊಳೆಯಿಸಿದ ತಗಡಿನ ಬಿಲ್ಲೆಯನ್ನು ನಡುವೆ ಕೂರಿಸಿದಳು. ಕುತ್ತಿಗೆಗೆ ಹತ್ತಿ ಕೂರುವ ಅಡ್ಡಿಕೆ ಅದು. ಅಕ್ಕಸಾಲಿಯ ಚಿನ್ನದ ಅಡ್ಡಿಕೆ ಇದರ ಪಕ್ಕದಲ್ಲಿ ಸಪ್ಪಗೆ ಕಾಣಬೇಕು, ಹಾಗಿತ್ತು. ಕೆಲಸ ಮಾಡುವಾಗ ಅವಳು ಮೂಗಿನಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು. ರಾಗ ಯಾವುದೆಂದು ಕೇಳಬೇಡಿ, ಅವಳಿಗೂ ಗೊತ್ತಿರಲಿಲ್ಲ. ಆದರೆ ಅವಳು ಹಾಡಿಕೊಂಡ ದಿನ ಮನೆಯಲ್ಲಿ ಬೆಳಕೇ ಬೇರೆಯಾಗಿರುತ್ತಿತ್ತು. ಹಲ್ಲಿಯ ಸುದ್ದಿ ನಿಂತುಹೋಯಿತು.

ಅಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಈ ಕತೆಯೇ ಇಲ್ಲ. ಚಿನ್ನ ಮುಟ್ಟಿದರೆ ಕೈ ಸುಡುವ ಕಾಲ, ಮದುವೆಯ ಮನೆಗಳಲ್ಲಿ ಒಡವೆಗೆ ಪರದಾಟ, ನಮ್ಮ ಮನೆಯಲ್ಲಿ ಪೆಟ್ಟಿಗೆ ತುಂಬ ಅಡ್ಡಿಕೆ. "ಒಂದು ಯೋಚನೆ ಬಂತು" ಅಂದೆ. "ಮಾರೋಣ. ಮಾಡೋದು ನಿನ್ನ ಕೆಲಸ, ಮಾರೋದು ನನ್ನ ಜವಾಬ್ದಾರಿ." ಜಯಮ್ಮ ಸೂಜಿ ಹಿಡಿದಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ನಿಮಗೆ ಮಾರೋಕೆ ಬತ್ತದಾ?" ಅಂದಳು. "ಇಡೀ ನಾಲೆ ನೀರನ್ನ ಹಂಚೋ ಕಚೇರೀಲಿ ಇರೋನು ನಾನು" ಅಂದೆ. ಆ ಉತ್ತರಕ್ಕೂ ಆ ಪ್ರಶ್ನೆಗೂ ಏನು ಸಂಬಂಧವೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಅಷ್ಟರಲ್ಲಿ ಕೊತ್ತತ್ತಿಯಿಂದ ನಮ್ಮವ್ವ ಬಂದಳು. ಅಪ್ಪ, ಅವ್ವ ಇಬ್ಬರೂ ಅಲ್ಲೇ ಗದ್ದೆ ನೋಡಿಕೊಂಡಿದ್ದರು. ಅವ್ವ ಆಗಾಗ ಗಾಡಿ ಕಟ್ಟಿಸಿಕೊಂಡು ಬಂದು ನಮ್ಮ ಸಂಸಾರವನ್ನು ತನಿಖೆ ಮಾಡಿ ಹೋಗುತ್ತಿದ್ದಳು. ನಮ್ಮವ್ವ ಇದು ಬೇಳೆ ಎಂದರೆ ಜಯಮ್ಮ ಕಾಳು ಎನ್ನುವವಳು. ಅಡ್ಡಿಕೆಯ ಪೆಟ್ಟಿಗೆ ಕಂಡದ್ದೇ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನ್ಲಾ ಇದು? ಬೇಸಾಯಗಾರ್ರ ಮನೆ ಸೊಸೆ ಬಳೆಗಾರ್ನಂಗೆ ಪೆಟ್ಗೆ ಇಟ್ಕೊಂಡು ಕೂತವ್ಳೆ? ಸುಳ್ಳೊಡವೆ! ಮುತ್ತೈದೇರು ಇದ್ನ ಆಕ್ಕೊಂತಾರಾ? ನೋಡು, ಗೌರಿ ಅಬ್ಬಕ್ಕೆ ನಾನ್ ಬತ್ತೀನಿ. ಅಷ್ಟ್ರೊಳ್ಗೆ ಒಬ್ಬಳಾರ ಮರ್ಯಾದಸ್ತೆ ಇದ್ನ ಬೇಕು ಅಂತ ಬಾಯ್ಬುಟ್ಟು ಕೇಳಿ ತಕ್ಕಂಡಿರ್ಬೇಕು. ಇಲ್ದೇ ಓದ್ರೆ ಈ ಪೆಟ್ಗೇನ ನಾನೇ ತಕ್ಕೊಂಡೋಗಿ ನಾಲೆಗೆ ಆಕ್ಬುಡ್ತೀನಿ" ಅಂದಳು. ಅವ್ವ ಅಂದದ್ದನ್ನು ಮಾಡುವವಳು. ಗಾಡಿ ಹೊರಟ ಮೇಲೆ ಜಯಮ್ಮ ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು. ಹಾಡು ನಿಂತುಹೋಗಿತ್ತು. ನನಗೆ ತಡೆಯಲಾಗಲಿಲ್ಲ. "ನೀನು ಪೋಣಿಸುತ್ತಿರು, ಮಿಕ್ಕಿದ್ದು ನನಗೆ ಬಿಡು" ಅಂದೆ.

ಮೊದಲು ಪ್ರಚಾರ. ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ನೀರಿನ ಕೊಳಾಯಿಯ ಪಕ್ಕದ ಗೋಡೆಗೆ ಅಂಟಿಸಿದೆ. ವರ್ಷಾನುಗಟ್ಟಲೆ ಕಚೇರಿಯ ಕಾಗದ ಬರೆದ ಕೈ, ಬೇರೆ ಕನ್ನಡ ಅದಕ್ಕೆ ಎಲ್ಲಿಂದ ಬರಬೇಕು? "ಈ ಮೂಲಕ ಸಮಸ್ತ ಸ್ತ್ರೀಯರಿಗೂ ತಿಳಿಯಪಡಿಸುವುದೇನೆಂದರೆ, ಒಡವೆಗಳ ಬಾಬ್ತು ಗೌರಿ ಹಬ್ಬದೊಳಗಾಗಿ ಕೆಳಕಂಡ ಮನೆಯಲ್ಲಿ ತಪ್ಪದೆ ಹಾಜರಾಗತಕ್ಕದ್ದು" ಎಂದು ಬರೆದಿದ್ದೆ. ಓದಲು ಬರುವವನೊಬ್ಬ ಓದಿದ, ಬಾರದವರು ಕೇಳಿದರು. ಸಂಜೆಯ ಹೊತ್ತಿಗೆ, ಯುದ್ಧದ ಖರ್ಚಿಗೆ ಸರ್ಕಾರದವರು ಹೆಂಗಸರ ಒಡವೆ ವಸೂಲು ಮಾಡುತ್ತಾರೆ ಎಂದು ಊರಲ್ಲೆಲ್ಲ ಸುದ್ದಿಯಾಗಿ, ಇದ್ದಬದ್ದ ಓಲೆ, ಮೂಗುಬೊಟ್ಟುಗಳೆಲ್ಲ ರಾಗಿ ಮಡಕೆಯ ತಳ ಸೇರಿದವು. ಮಾರನೆಯ ದಿನ ಮುದುಕನೊಬ್ಬ ನಮ್ಮ ಬಾಗಿಲಿಗೆ ಬಂದು ಕೈಮುಗಿದು ನಿಂತ. "ನಮ್ಮೆಂಗ್ಸ್ರತ್ರ ಏನೂ ಇಲ್ಲ ಬುದ್ಧಿ. ಒಂದು ಮೂಗ್ಬಟ್ಟು ಅದೆ. ಅದೊಂದ್ನ ಬುಟ್ಬುಡಿ" ಅಂದ. ಬಿಟ್ಟುಬಿಟ್ಟಿದ್ದೇನೆ ಎಂದು ಹೇಳಿ ಕಳಿಸಿದೆ. ಅವನ ಮುಖದಲ್ಲಿ ಕಂಡ ಸಂತೋಷ, ಆ ಪ್ರಚಾರದಿಂದ ಬಂದ ಒಟ್ಟು ಲಾಭ.

ಬರೆದರೆ ಆಗುವುದಿಲ್ಲ, ಬಾಯಲ್ಲೇ ಹೇಳಿ ಮಾರಬೇಕು ಎಂದುಕೊಂಡು ಮುಂದಿನ ವಾರ ಒಂದು ಅಡ್ಡಿಕೆಯನ್ನು ಕೋಟಿನ ಒಳಜೇಬಿನಲ್ಲಿಟ್ಟು ಮದ್ದೂರಿನ ಸಂತೆಗೆ ಹೋದೆ. ಹೋದಮೇಲೆ ತಲೆಯ ಮೇಲಿನ ಪೇಟ ನೆನಪಾಯಿತು. ನಾಲೆ ಕಚೇರಿಯವನು ಸಂತೆಯಲ್ಲಿ ನಿಂತು ಕೂಗಿದರೆ ಯಾರಾದರೂ ಗುರುತಿನವರು ಕಂಡಾರು ಎಂದು ನಾಚಿಕೆ. ಅದಕ್ಕೆ ಒಬ್ಬೊಬ್ಬರ ಹತ್ತಿರ ಹೋಗಿ, ಅತ್ತಿತ್ತ ನೋಡಿ, ಕೋಟು ಸ್ವಲ್ಪ ಸರಿಸಿ, "ಒಳ್ಳೇ ಅಡ್ಡಿಕೆ ಇದೆ, ಬೇಕಾ?" ಎಂದು ಪಿಸುಗುಟ್ಟತೊಡಗಿದೆ. ಬೆಲ್ಲದ ಗಾಡಿಯ ಹತ್ತಿರ ನಿಂತಿದ್ದ ಎತ್ತರದ ಗೌಡರೊಬ್ಬರು ನನ್ನ ಮಣಿಕಟ್ಟು ಹಿಡಿದರು.

"ಯಾರ ಮನೇದು ಸ್ವಾಮಿ ಇದು?"

"ನಮ್ಮ ಮನೇದೇ."

"ಮನೇವ್ರಿಗೆ ಗೊತ್ತಾ?"

"ಗೊತ್ತು. ಅವಳೇ ಮಾಡಿದ್ದು."

"ಗೊತ್ತಿದ್ರೆ ಯಾಕಿಂಗೆ ಗುಟ್ಟಾಗಿ ಮಾರ್ತೀರಿ?" ಅಂದವರು, ನನ್ನ ಮುಖ ನೋಡಿ ಮೆತ್ತಗಾದರು. "ನೋಡಿ ಬುದ್ಧಿ, ಏನೇ ಕಷ್ಟ ಬಂದ್ರೂ ಎಂಡ್ರು ಕತ್ತಿಗೆ ಕೈ ಆಕ್ಬಾರ್ದು. ಏನು, ಎಂಡವಾ? ಇಸ್ಪೀಟಾ?"

ನಾನು ಎಷ್ಟು ಹೇಳಿದರೂ ನಂಬದೆ, ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ವಡೆ ಕೊಡಿಸಿ, ಇನ್ನು ಮುಂದೆ ಇಸ್ಪೀಟು ಮುಟ್ಟುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡು ಮಂಡ್ಯದ ಗಾಡಿ ಹತ್ತಿಸಿದರು. ಹುಟ್ಟಿದಾರಭ್ಯ ಇಸ್ಪೀಟು ಮುಟ್ಟಿದವನಲ್ಲ ನಾನು. ವಡೆ ಮಾತ್ರ ಬಿಸಿಬಿಸಿಯಾಗಿ ಬಹಳ ಚೆನ್ನಾಗಿತ್ತು.

ಇನ್ನುಳಿದದ್ದು ನಮ್ಮ ಬೀದಿಯೇ. ಬೀದಿಗೆಲ್ಲ ದೊಡ್ಡವರ ಮನೆಯೆಂದರೆ ಕಂದಾಯದ ಅಧಿಕಾರಿ ಶೇಕ್ದಾರರದು. ಅವರ ಹೆಂಡತಿ ತಾಯಮ್ಮನವರು ಉಟ್ಟದ್ದನ್ನು ಬೀದಿಯೆಲ್ಲ ಉಡುತ್ತದೆ, ತೊಟ್ಟದ್ದನ್ನು ಬೀದಿಯೆಲ್ಲ ತೊಡುತ್ತದೆ. ಅವರ ಕುತ್ತಿಗೆಗೆ ಒಂದು ಬಿದ್ದರೆ ಮಿಕ್ಕವರೆಲ್ಲ ಓಡಿ ಬರುತ್ತಾರೆ ಎಂದು ಲೆಕ್ಕ ಹಾಕಿ, ಒಂದು ಅಡ್ಡಿಕೆ ಒಯ್ದು ಕೊಟ್ಟೆ. "ಹಾಕಿಕೊಂಡು ನೋಡಿ ತಾಯೀ. ಅವಸರವೇನಿಲ್ಲ. ಹಿಡಿಸಿದರೆ ಆಮೇಲೆ ಮಾತಾಡೋಣ" ಅಂದೆ. ಅವರು ಹಾಕಿಕೊಂಡರು. ಕನ್ನಡಿ ನೋಡಿದರು. ಮುಖ ಅರಳಿತು. ನಾನು ಗೆದ್ದೆ ಎಂದುಕೊಂಡು ಬಂದೆ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಮೂಲೆಮನೆಯ ಕೆಂಪಮ್ಮ ನಾಮಕರಣಕ್ಕೆ ಹೊರಟರೆ ಕುತ್ತಿಗೆಯಲ್ಲಿ ನಮ್ಮ ಅಡ್ಡಿಕೆ. ಎದುರುಮನೆಯ ಸೊಸೆ ದೇವಸ್ಥಾನಕ್ಕೆ ಹೊರಟರೆ ನಮ್ಮ ಅಡ್ಡಿಕೆ. ಬಸ್ಸಿಗೆ ಕಾಯುತ್ತ ನಿಂತ ಹೆಂಗಸಿನ ಕುತ್ತಿಗೆ ನೋಡುತ್ತೇನೆ, ಅಲ್ಲೂ ಅದೇ. ಕಂಡವರ ಕುತ್ತಿಗೆಯನ್ನು ಹಾಗೆ ನೋಡಬಾರದು, ಗೊತ್ತು. ವ್ಯಾಪಾರಸ್ಥನಿಗೆ ಅದೆಲ್ಲ ನಡೆಯುತ್ತದೆ ಎಂದುಕೊಂಡೆ. ಮನೆಗೆ ಕುಣಿಯುತ್ತ ಬಂದು "ಜಯಾ, ಬೀದಿಯೆಲ್ಲ ನಿನ್ನ ಕೈಕೆಲಸವೇ!" ಅಂದೆ. ಅವಳು ಪೆಟ್ಟಿಗೆ ತೆರೆದು ತೋರಿಸಿದಳು. ಮಿಕ್ಕ ಅಡ್ಡಿಕೆಗಳೆಲ್ಲ ಇಟ್ಟ ಹಾಗೇ ಇದ್ದವು. "ಕೊಟ್ಟಿದ್ದು ಒಂದೇ ಅಲ್ವೇನ್ರೀ? ಅದೇ ಊರೆಲ್ಲ ತಿರುಗ್ತಾ ಅದೆ ಕಣ್ರೀ" ಅಂದಳು.

ನನ್ನ ಬುದ್ಧಿಗೆ ಮಂಕು ಕವಿದಿತ್ತು ಅನ್ನಬೇಕು. ನಮ್ಮ ಕಡೆ ಒಡವೆ ಎರವಲು ಕೇಳಿದರೆ ಇಲ್ಲ ಎನ್ನುವುದಿಲ್ಲ. ಇಲ್ಲವೆಂದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ಇನ್ನು ಎರವಲು ಹಾಕಿಕೊಂಡವಳನ್ನು "ಇದು ನಿಂದಾ?" ಎಂದು ಕೇಳುವುದಂತೂ ಘೋರ ಅಪರಾಧ. ಇದೆಲ್ಲ ಗೊತ್ತಿದ್ದೂ ನಾನು ಇಡೀ ಬೀದಿಗೆ ಒಂದು ಅಡ್ಡಿಕೆಯನ್ನು ಬಿಟ್ಟಿಯಾಗಿ ಧಾರೆಯೆರೆದು ಬಂದಿದ್ದೆ. ಕೊಂಡುಕೊಳ್ಳಲು ಅವರಿಗೇನು ಗ್ರಹಚಾರ? "ಹೋಗಿ ಈಸ್ಕೊಂಡು ಬರ್ಲಾ?" ಅಂದೆ. "ಅಬ್ಬದ ಒತ್ನಲ್ಲಿ ಮುತ್ತೈದೆ ಕತ್ತಿಂದು ಬಿಚ್ಚಿಸ್ಕೊಂಡು ಬತ್ತೀರಾ? ಸುಮ್ನಿರಿ" ಅಂದಳು. ಅವಳು ಅಳಲಿಲ್ಲ. ಒಲೆಯ ಮುಂದೆ ಹೋಗಿ ಕೂತು ಬೆಂಕಿ ಊದಿದಳು, ಹೊಗೆ ಬಂದು ಕಣ್ಣು ಕೆಂಪಾಯಿತು. ಹೊಗೆಯಿಂದಲೇ ಎಂದು ನಾನೂ ನಂಬಿದೆ.

ಗೌರಿ ಹಬ್ಬ ಬಂತು, ಅವ್ವನೂ ಬಂದಳು. ಬಂದವಳೇ ಪೆಟ್ಟಿಗೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು, ಏನೂ ಕೇಳಲಿಲ್ಲ. ಹಬ್ಬದ ಪೂಜೆ ಮುಗಿದ ಮೇಲೆ ವಿಚಾರಣೆ ಎಂದು ಅರ್ಥ. ಬೀದಿಯ ಮುತ್ತೈದೆಯರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಿದ್ದೆವು. ನಾನು ಜಗಲಿಯ ಮೇಲೆ ಕೂತು ಕಿಟಕಿಗೆ ಕಿವಿಕೊಟ್ಟಿದ್ದೆ. ಗೌರಮ್ಮನ ಮುಂದೆ ಎಲ್ಲರೂ ಕೂತು ಬಾಗಿನ ಹಿಡಿದದ್ದೇ ತಡ, ತಾಯಮ್ಮನವರ ದನಿ ಕೇಳಿಸಿತು.

"ಲೇ ಕೆಂಪಿ, ಒತ್ತಾರೆನೇ ತಂದ್ಕೊಡ್ತೀನಿ ಅಂದೋಳು ಕತ್ಗೆ ಆಕ್ಕೊಂಡೇ ಬಂದಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

"ನಿಂದಾಗಿದ್ರೆ ಆಗೋದು ಕಣಕ್ಕ. ನೀನೇನ್ ಕೊಂಡ್ಕೊಂಡಿದ್ದೀಯಾ? ಜಯಮ್ಮನ ಯಜಮಾನ್ರು ನೋಡಿ ಅಂತ ಕೊಟ್ಟಿದ್ದು. ನೀನು ನೋಡಿದ್ದಾಯ್ತು, ಈಗ ನಾನೂ ನೋಡ್ತಾ ಇವ್ನಿ!"

"ಅಬ್ಬದ್ ದಿನ ನಾನು ಬೋಳು ಕತ್ನಲ್ಲಿ ಕೂತ್ಕಳ್ಳೋದು, ನೀನು ಮೆರೆಯೋದಾ?"

"ನಾನಿನ್ನೂ ನೋಡೇ ಇಲ್ಲ, ನಾಳೀಕೆ ನನ್ನ ಸರದಿ" ಎಂದು ಇನ್ಯಾರೋ ಕೂಗಿದರು. "ನಿನ್ನ ಸರದಿ ಎಲ್ಲೈತೆ, ನಾಳೀಕೆ ನಮ್ಮಣ್ಣನ ಮನೆ ಬೀಗ್ರೂಟ!" ಎಂದು ಮತ್ತೊಬ್ಬರು. ಮೊರದ ಬಾಗಿನಗಳು ಟಕಟಕ ಎಂದವು. ತಟ್ಟೆಯೊಂದು ಉರುಳಿತು. ನಾನು ಕಿಟಕಿ ಬಿಟ್ಟು ಜಗಲಿಯ ತುದಿಗೆ ಸರಿದು, ಓಡಲು ಅನುಕೂಲವಾಗುವಂತೆ ಕಾಲು ಇಳಿಬಿಟ್ಟುಕೊಂಡೆ.

"ಸುಮ್ಕಿರ್ರಮ್ಮೋ!" ಎಂದಳು ಅವ್ವ. "ಗೌರಮ್ಮನ ಮುಂದೆ ಇಂಗೆ ಕಿತ್ತಾಡ್ತೀರಲ್ಲ, ಥೂ! ಏನ್ ಅಂತಾ ವಡವೆ ಅದು? ಬಿಚ್ಚು ಇತ್ಲಾಗೆ." ತಡೆಯಲಾರದೆ ಮತ್ತೆ ಕಿಟಕಿಗೆ ಬಂದು ಇಣುಕಿದೆ. ಅವ್ವ ಅಡ್ಡಿಕೆಯನ್ನು ದೀಪಕ್ಕೆ ಹಿಡಿದು, ಮುಂದೆ ನೋಡಿ, ಹಿಂದೆ ತಿರುಗಿಸಿ ನೋಡಿ, ಗಂಟುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಪೆಟ್ಟಿಗೆಯನ್ನು ನಾಲೆಗೆ ಹಾಕುತ್ತೇನೆ ಎಂದವಳು ಅಷ್ಟು ದಿನವೂ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಜಯಮ್ಮ ಕಂಬಕ್ಕೆ ಒರಗಿ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ಇಷ್ಟ್ ಜನ ಮರ್ಯಾದಸ್ತೇರು ಇದ್ಕೆ ಒಡ್ದಾಡ್ತೀರಿ ಅಂದ್ರೆ" ಎಂದಳು ಅವ್ವ ಕೊನೆಗೆ, "ಒಬ್ಬೊಬ್ಳೂ ಒಂದೊಂದು ತಕ್ಕೊಂಡ್ರೆ ನಿಮ್ಗೇನ್ ದಾಡಿ? ನಮ್ ಸೊಸೆ ಕಣ್ಣು ಕಿತ್ತೋಗಂಗೆ ಪೋಣ್ಸಿರೋದು, ಬಿಟ್ಟಿಗಾ? ಜಯಾ, ಆ ಪೆಟ್ಗೆ ತಕ್ಕಬಾ. ಯಾರ್ಗೆ ಬೇಕು, ಬಾಯ್ಬುಟ್ಟು ಕೇಳ್ರಿ. ದುಡ್ಡಾಗ್ಲಿ, ರಾಗಿಯಾಗ್ಲಿ, ಇವತ್ತೇ ಬಂದ್ಬುಡ್ಬೇಕು!"

ಮೊದಲು ಕೇಳಿದವರು ತಾಯಮ್ಮನವರು. ಕೆಂಪಮ್ಮ ಅವರ ಮಾತು ಮುಗಿಯಲು ಬಿಡಲಿಲ್ಲ. ಗೌರಮ್ಮ ಮೂಲೆಯಲ್ಲಿ ತಣ್ಣಗೆ ಕೂತು ಸಂತೆ ನೋಡಿದಳು. ಪೆಟ್ಟಿಗೆ ಬರಿದಾಗಿ, ತಳದಲ್ಲಿ ಇನ್ನೂ ಬಿಲ್ಲೆ ಹೊಲಿಯದ ಒಂದು ಅಡ್ಡಿಕೆ ಮಾತ್ರ ಉಳಿಯಿತು. ಆ ರಾತ್ರಿ ಪಾತ್ರೆ ತೊಳೆಯುವಾಗ ಜಯಮ್ಮ ಮೂಗಿನಲ್ಲಿ ಹಾಡಿಕೊಂಡದ್ದು ಅಪಸ್ವರವೇ. ನಾನು ಮಾತ್ರ ಅಡಿಗೆಮನೆಯ ಬಾಗಿಲಲ್ಲೇ ಕೂತು ಪೂರ್ತಿ ಕೇಳಿದೆ. ಇಷ್ಟು ಸುಖ ನನಗೆ ಯಾವ ಸಂಗೀತದಲ್ಲೂ ಸಿಕ್ಕಿರಲಿಲ್ಲ.

ಹಬ್ಬ ಕಳೆದು ಅವ್ವ ಕೊತ್ತತ್ತಿಗೆ ಹೊರಟಳು. ಒಂದು ಕಾಲು ಗಾಡಿಯ ಮೇಲಿಟ್ಟವಳು ಮತ್ತೆ ಇಳಿದು, ಬಾಗಿಲ ಹತ್ತಿರ ಬಂದು, ನನ್ನ ಕಡೆ ಬೆನ್ನು ಮಾಡಿ, ತಗ್ಗಿದ ದನಿಯಲ್ಲಿ ಜಯಮ್ಮನಿಗೆ ಹೇಳಿದಳು: "ಆ ಉಳ್ದಿರೋದಕ್ಕೆ ಬಿಲ್ಲೆ ಒಲ್ದು ನಂಗ್ ಕೊಡ್ತೀಯೇನವ್ವ? ಚಿನ್ನದ್ದು ನಮ್ಮತ್ತೆ ಕಾಲದ್ದು. ಅದ್ನ ನೋಡಿ ನೋಡಿ ಜನಕ್ಕೂ ಸಾಕಾಗೈತೆ, ನಂಗೂ ಸಾಕಾಗೈತೆ." ಜಯಮ್ಮ ಒಳಗೆ ಓಡಿ ಸೂಜಿ ತಂದು, ಬಾಗಿಲಲ್ಲೇ ಕೂತು ಬಿಲ್ಲೆ ಹೊಲಿದು, ಅತ್ತೆಯ ಕುತ್ತಿಗೆಗೆ ಕಟ್ಟಿದಳು. ಅವಳ ಕಣ್ಣು ತುಂಬಿತ್ತು. ಈ ಸಲ ಹೊಗೆ ಎಲ್ಲೂ ಇರಲಿಲ್ಲ.

ನನ್ನ ಎದೆ ಉಬ್ಬಿ ಬಂತು. ಏನಾದರೂ ಮಾಡಬೇಕು ಅನ್ನಿಸಿತು. "ಅವ್ವಾ, ಒಂದು ಯೋಚನೆ ಬಂತು" ಅಂದೆ. "ಕೊತ್ತತ್ತೀಲಿ ಪಟೇಲರ ಮನೆಯವರಿಗೆ ಇದನ್ನ ನಾಲ್ಕು ದಿನ ಹಾಕ್ಕೊಂಡು ನೋಡೋಕೆ ಕೊಟ್ಟರೆ..."

"ಬಾಯ್ ಮುಚ್ಲಾ!" ಎಂದಳು ಅವ್ವ. "ಬಾಯಿ ಮುಚ್ರೀ!" ಎಂದಳು ಜಯಮ್ಮ. ಇಬ್ಬರೂ ಒಂದೇ ಉಸಿರಿನಲ್ಲಿ ಅಂದರು. ಅಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗಾಡಿಯ ಎತ್ತು ಬೆಚ್ಚುವ ಹಾಗೆ ನಕ್ಕರು. ಮದುವೆಯಾದಂದಿನಿಂದ ಅತ್ತೆ ಸೊಸೆಯನ್ನು ಒಂದು ಮಾಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಈ ವ್ಯಾಪಾರದಲ್ಲಿ ನಾನು ನನ್ನ ಸ್ವಂತ ಸಾಮರ್ಥ್ಯದಿಂದ ಸಾಧಿಸಿದ್ದು ಅದೊಂದೇ.